ಎಲ್ಲಿ ಕತ್ತರಿಸಬಾರದು ಎಂಬ ಅರಿವು

ಜೀನ್ ಕತ್ತರಿ ಎಂಬ ಮಾತು ಈಗ ಪತ್ರಿಕೆಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಡಿಎನ್‌ಎಯನ್ನು ಬೇಕಾದಲ್ಲಿ ಕತ್ತರಿಸುವ ಕಿಣ್ವಗಳು ಕೈಗೆ ಬಂದಿವೆ, ಅವುಗಳಿಂದ ರೋಗ ವಾಸಿಯಾದೀತು, ಬೆಳೆ ಸುಧಾರಿಸೀತು ಎಂದೆಲ್ಲ ಓದುತ್ತೇವೆ. ಹೊಗಳಿಕೆಯೆಲ್ಲ ಕತ್ತರಿಸುವ ಶಕ್ತಿಗೇ ಸಲ್ಲುತ್ತದೆ. ಆದರೆ ಡಿಎನ್‌ಎಯನ್ನು ಕತ್ತರಿಸುವುದು ಕಷ್ಟದ ಕೆಲಸವೇ ಅಲ್ಲ. ಸಣ್ಣ ಸೂಜಿಯ ಸಿರಿಂಜಿನಲ್ಲಿ ನಾಲ್ಕಾರು ಸಲ ಎಳೆದುಬಿಟ್ಟರೆ ಸಾಕು, ಉದ್ದನೆಯ ಡಿಎನ್‌ಎ ಎಳೆ ತುಂಡು ತುಂಡಾಗುತ್ತದೆ. ನಮ್ಮ ಮೇದೋಜೀರಕ ಗ್ರಂಥಿ ಸ್ರವಿಸುವ ಕಿಣ್ವವೊಂದು, ಊಟದ ಜೊತೆ ಹೊಟ್ಟೆಗಿಳಿದ ಡಿಎನ್‌ಎಯನ್ನು ದಿನವೂ ನುಚ್ಚುಮಾಡುತ್ತಲೇ ಇದೆ. ಹಾಗಿದ್ದರೂ ಈ ಸಿರಿಂಜನ್ನಾಗಲಿ ಈ ಕಿಣ್ವವನ್ನಾಗಲಿ ಯಾರೂ ಜೀನ್ ಕತ್ತರಿ ಎಂದು ಕರೆಯಲಿಲ್ಲ. ರಾಗಿ ಹೊಲದಲ್ಲಿ ಕಳೆ ಕೀಳುವವರನ್ನು ನೆನೆದುಕೊಳ್ಳಿ. ಪೈರಿನಂತೆಯೇ ಕಾಣುವ ಹುಲ್ಲು ಪೈರಿನ ಪಕ್ಕದಲ್ಲೇ ಎದ್ದಿರುತ್ತದೆ. ಕೀಳಲು ಯಾರಿಂದಲಾದರೂ ಆಗುತ್ತದೆ. ಯಾವುದನ್ನು ಮುಟ್ಟದೆ ಬಿಡಬೇಕು ಎಂದು ತಿಳಿದವರಿಗಷ್ಟೇ ಕೂಲಿ ಕೊಡುತ್ತಾರೆ. ಡಿಎನ್‌ಎ ಕತ್ತರಿಗಳ ಎಪ್ಪತ್ತು ವರ್ಷಗಳ ಕತೆಯನ್ನು ನಾನು ಇದೇ ಕಣ್ಣಿನಿಂದ ನೋಡುತ್ತೇನೆ. ಒಂದು ಕಿಣ್ವ ಪ್ರಯೋಗಶಾಲೆಗೆ ಉಪಯುಕ್ತವಾಗುವುದು ಅದು ಎಲ್ಲಿ ಕತ್ತರಿಸುವುದಿಲ್ಲ ಎಂಬುದರಿಂದ. ಈ ಮಾತಿಗೆ ಇರುವ ಆಧಾರಗಳನ್ನೂ, ಎದುರಾಗುವ ಆಕ್ಷೇಪಗಳನ್ನೂ ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ಕ್ಲೋನಿಂಗ್ ಎಂದೊಡನೆ ಹಲವರಿಗೆ ಡಾಲಿ ಎಂಬ ಕುರಿಮರಿ ನೆನಪಾಗುತ್ತದೆ. ಪ್ರಯೋಗಶಾಲೆಯ ದಿನನಿತ್ಯದ ಭಾಷೆಯಲ್ಲಿ ಆ ಪದಕ್ಕೆ ಇದಕ್ಕಿಂತ ಸಾದಾ ಅರ್ಥವಿದೆ. ಯಾವುದೋ ಜೀವಿಯ ಡಿಎನ್‌ಎಯಿಂದ ಬೇಕಾದ ಒಂದು ತುಣುಕನ್ನು ತೆಗೆದು, ಬ್ಯಾಕ್ಟೀರಿಯದೊಳಗೆ ತಾನೇ ನಕಲಾಗುತ್ತ ಹೋಗುವ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಗೆ ಅದನ್ನು ಬೆಸೆದು, ಬ್ಯಾಕ್ಟೀರಿಯದೊಳಗೆ ಬಿಡುವುದು. ಬ್ಯಾಕ್ಟೀರಿಯ ಎರಡಾಗಿ, ನಾಲ್ಕಾಗಿ, ಕೋಟಿಯಾಗಿ ಬೆಳೆದಂತೆ ಆ ತುಣುಕಿಗೂ ಕೋಟಿ ಪ್ರತಿಗಳಾಗುತ್ತವೆ. ಪ್ರಾಣಿಯನ್ನು ನಕಲು ಮಾಡುವ ಮಾತೇ ಇಲ್ಲಿಲ್ಲ. ಇದಕ್ಕೆ ಎರಡು ಕಡೆ ಕತ್ತರಿ ಬೀಳಬೇಕು: ತುಣುಕಿನ ಎರಡು ತುದಿಗಳಲ್ಲಿ, ಮತ್ತು ಬಳೆಯ ಒಂದೇ ಒಂದು ಜಾಗದಲ್ಲಿ. ಬಳೆ ಎರಡು ಕಡೆ ಮುರಿದರೆ ಅದು ಬಳೆಯಾಗಿ ಉಳಿಯುವುದಿಲ್ಲ. ತುಣುಕಿನ ನಟ್ಟನಡುವೆ ಕತ್ತರಿ ಬಿದ್ದರೆ ಜೀನ್ ಕೆಲಸಕ್ಕೆ ಬಾರದು. ಡಿಎನ್‌ಎಯೋ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಉದ್ದನೆಯ ಬರಹ. ಮನುಷ್ಯನ ಆ ಬರಹದ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರಲ್ಲಿ ಎರಡು ಜಾಗ ಗುರುತಿಸಿ, ಉಳಿದುದನ್ನೆಲ್ಲ ಮುಟ್ಟದೆ ಬಿಡುವ ಕತ್ತರಿ ಬೇಕು.

ಅಂಥ ಕತ್ತರಿಯನ್ನು ಮನುಷ್ಯ ಯೋಚಿಸಿ ಮಾಡಲಿಲ್ಲ. ಬ್ಯಾಕ್ಟೀರಿಯಗಳ ಬಳಿ ಅದು ಮೊದಲೇ ಇತ್ತು. 1950ರ ದಶಕದ ಆರಂಭದಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಜೋ ಬೆರ್ಟಾನಿ ಒಂದು ವಿಚಿತ್ರವನ್ನು ಗಮನಿಸಿದರು. ಬ್ಯಾಕ್ಟೀರಿಯಗಳಿಗೆ ತಗಲುವ ವೈರಸ್ಸೊಂದು ಒಂದು ತಳಿಯಲ್ಲಿ ಬೆಳೆದು ಬಂದರೆ ಇನ್ನೊಂದು ತಳಿಯಲ್ಲಿ ಬೆಳೆಯಲು ಒದ್ದಾಡುತ್ತದೆ. ಹತ್ತು ಸಾವಿರಕ್ಕೆ ಒಂದರಷ್ಟು ವೈರಸ್ ಹೇಗೋ ಉಳಿದುಕೊಂಡರೆ, ಅದರ ಸಂತಾನಕ್ಕೆ ಅದೇ ತಳಿಯಲ್ಲಿ ಆಮೇಲೆ ಯಾವ ಅಡ್ಡಿಯೂ ಇಲ್ಲ. ಹೀಗೆ ಆತಿಥೇಯ ಜೀವಿ ವೈರಸ್ಸಿಗೆ ಒಡ್ಡುವ ನಿರ್ಬಂಧದಿಂದಲೇ ನಿರ್ಬಂಧಕ ಕಿಣ್ವ, ಅಂದರೆ ರಿಸ್ಟ್ರಿಕ್ಷನ್ ಎನ್‌ಜೈಮ್ ಎಂಬ ಹೆಸರು ಮುಂದೆ ಬಂತು. 1962ರಲ್ಲಿ ಜಿನೀವಾದ ವೆರ್ನರ್ ಆರ್ಬರ್ ಮತ್ತು ಡೇಸಿ ಡ್ಯುಸ್ವಾ ಇದರ ಗುಟ್ಟು ವೈರಸ್ಸಿನ ಡಿಎನ್‌ಎಯಲ್ಲೇ ಇದೆ ಎಂದು ತೋರಿಸಿದರು. ಪರಕೀಯ ಡಿಎನ್‌ಎ ಒಳಗೆ ಬಂದರೆ ಬ್ಯಾಕ್ಟೀರಿಯ ಅದನ್ನು ಕಡಿದುಹಾಕುತ್ತದೆ. ತನ್ನದನ್ನೇಕೆ ಕಡಿಯುವುದಿಲ್ಲ? ಏಕೆಂದರೆ ತನ್ನ ಡಿಎನ್‌ಎಯ ಅದೇ ಜಾಗಗಳ ಮೇಲೆ ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಗುರುತನ್ನು ಅದು ಇಟ್ಟಿರುತ್ತದೆ. ಗುರುತಿದ್ದ ಜಾಗವನ್ನು ಕಿಣ್ವ ಮುಟ್ಟದು. ಬದುಕುಳಿದ ಆ ಹತ್ತು ಸಾವಿರಕ್ಕೊಂದು ವೈರಸ್ ಕಿಣ್ವಕ್ಕಿಂತ ಮುಂಚೆ ಈ ಗುರುತನ್ನು ಪಡೆದುಕೊಂಡದ್ದು. ಗಮನಿಸಿ: ಕತ್ತರಿಸುವ ಕಿಣ್ವವೊಂದೇ ಬ್ಯಾಕ್ಟೀರಿಯದಲ್ಲಿ ಹುಟ್ಟಿದ್ದರೆ ಆ ಬ್ಯಾಕ್ಟೀರಿಯ ತನ್ನನ್ನೇ ಕತ್ತರಿಸಿಕೊಂಡು ಸಾಯುತ್ತಿತ್ತು. ತಡೆಯುವ ವ್ಯವಸ್ಥೆ ಕತ್ತರಿಯ ಜೊತೆಗೇ ಇರಬೇಕಾಯಿತು.

ಗುರುತಿಸಿದರೆ ಸಾಲದು, ಗುರುತಿಸಿದಲ್ಲೇ ನಿಲ್ಲಬೇಕು ಎಂಬುದಕ್ಕೂ ಈ ಇತಿಹಾಸದಲ್ಲಿ ಒಳ್ಳೆಯ ಸಾಕ್ಷಿಯಿದೆ. 1968ರಲ್ಲಿ ಹಾರ್ವರ್ಡಿನ ಮ್ಯಾಥ್ಯೂ ಮೆಸೆಲ್‌ಸನ್ ಮತ್ತು ರಾಬರ್ಟ್ ಯುವಾನ್ ಇಂಥ ಒಂದು ಕಿಣ್ವವನ್ನು ಶುದ್ಧಗೊಳಿಸಿದರು. ಅದೊಂದು ದೊಡ್ಡ ಸಾಧನೆಯೇ. ಆದರೆ ಆ ಕಿಣ್ವ ತನ್ನ ಜಾಗವನ್ನು ಸರಿಯಾಗಿ ಗುರುತಿಸಿ, ಆಮೇಲೆ ಅಲ್ಲಿಂದ ಬಹುದೂರದಲ್ಲಿ ಎಲ್ಲೋ ಒಂದು ಕಡೆ ಕತ್ತರಿಸುತ್ತದೆ. ಪ್ರತಿ ಅಣುವಿನಲ್ಲೂ ಕತ್ತರಿಸುವ ಜಾಗ ಬೇರೆ. ವೈರಸ್ ಕೊಲ್ಲಲು ಅಷ್ಟು ಸಾಕು, ಕ್ಲೋನಿಂಗಿಗೆ ಸಾಲದು. 1970ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಹ್ಯಾಮಿಲ್ಟನ್ ಸ್ಮಿತ್ ಮತ್ತು ಕೆಂಟ್ ವಿಲ್ಕಾಕ್ಸ್ ಹಿಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯದಿಂದ ತೆಗೆದ ಕಿಣ್ವ ಹಾಗಿರಲಿಲ್ಲ. ಅದು ಆರು ಅಕ್ಷರಗಳ ಒಂದು ಪದವನ್ನು ಗುರುತಿಸಿ ಆ ಪದದೊಳಗೇ ಕತ್ತರಿಸುತ್ತಿತ್ತು. ಇಂಥ ಕಿಣ್ವಗಳು ಗುರುತಿಸುವ ಪದಗಳು ಹೆಚ್ಚಾಗಿ ನಮ್ಮ 'ವಿಕಟಕವಿ'ಯ ಜಾತಿಯವು, ಒಂದು ವ್ಯತ್ಯಾಸವಿದೆ ಅಷ್ಟೆ. ವಿಕಟಕವಿಯನ್ನು ಒಂದೇ ಸಾಲಿನಲ್ಲಿ ಹಿಂದಕ್ಕೂ ಮುಂದಕ್ಕೂ ಓದುತ್ತೇವೆ. ಡಿಎನ್‌ಎಗೆ ಎರಡು ಎಳೆಗಳು. ಒಂದರಲ್ಲಿ ಎ ಇದ್ದ ಕಡೆ ಎದುರಿನದರಲ್ಲಿ ಟಿ, ಜಿ ಇದ್ದ ಕಡೆ ಸಿ. ಒಂದು ಎಳೆಯನ್ನು ಈ ಕಡೆಯಿಂದಲೂ ಎದುರಿನ ಎಳೆಯನ್ನು ಆ ಕಡೆಯಿಂದಲೂ ಓದಿದರೆ ಒಂದೇ ಪದ ಸಿಗುತ್ತದೆ. ಮರುವರ್ಷವೇ ಕ್ಯಾಥ್ಲೀನ್ ಡಾನ್ನಾ ಮತ್ತು ಡೇನಿಯಲ್ ನೇಥನ್ಸ್, ಐದು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಅಕ್ಷರಗಳ ಎಸ್‌ವಿ-40 ವೈರಸ್ಸಿನ ಡಿಎನ್‌ಎಯನ್ನು ಸ್ಮಿತ್ ಅವರ ಕಿಣ್ವದಿಂದ ಕತ್ತರಿಸಿ 11 ತುಣುಕುಗಳನ್ನು ಬಿಡಿಸಿ ತೋರಿಸಿದರು. ಎಷ್ಟು ಸಲ ಮಾಡಿದರೂ ಅವೇ ಹನ್ನೊಂದು. ವೈರಸ್ಸಿಗೆ ನಕ್ಷೆ ಬರೆಯಲು ಸಾಧ್ಯವಾದದ್ದು ಈ ಮರುಕಳಿಕೆಯಿಂದಲೇ. ಆರ್ಬರ್, ಸ್ಮಿತ್, ನೇಥನ್ಸ್ ಮೂವರಿಗೂ 1978ರಲ್ಲಿ ನೊಬೆಲ್ ಬಂತು.

1973ರ ಪ್ರಯೋಗವನ್ನು ಜೀನ್ ತಂತ್ರಜ್ಞಾನದ ಹುಟ್ಟು ಎಂದು ಎಲ್ಲರೂ ಹೇಳುತ್ತಾರೆ. ಸ್ಟ್ಯಾನ್‌ಫರ್ಡಿನ ಸ್ಟ್ಯಾನ್ಲಿ ಕೋಹೆನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಹರ್ಬರ್ಟ್ ಬಾಯರ್ ತಂಡಗಳು ಇಕೋಆರ್-1 ಎಂಬ ಕಿಣ್ವ ಬಳಸಿ ಬೇರೆಬೇರೆ ಪ್ಲಾಸ್ಮಿಡ್‌ಗಳ ತುಣುಕುಗಳನ್ನು ಬೆಸೆದರು. ಈ ಕಿಣ್ವ ಜಿ, ಎ, ಎ, ಟಿ, ಟಿ, ಸಿ ಎಂಬ ಪದವನ್ನು ಹುಡುಕಿ, ಎರಡು ಎಳೆಗಳನ್ನು ಒಂದೇ ಮಟ್ಟದಲ್ಲಿ ಕತ್ತರಿಸದೆ ಓರೆಯಾಗಿ ಕತ್ತರಿಸುತ್ತದೆ. ಆಗ ಎರಡೂ ತುದಿಗಳಲ್ಲಿ ನಾಲ್ಕು ಅಕ್ಷರಗಳ ಒಂಟಿ ಎಳೆ ಚಾಚಿಕೊಂಡು ನಿಲ್ಲುತ್ತದೆ. ಇದನ್ನೇ ಅಂಟುತುದಿ ಎನ್ನುವುದು. ಒಂದೇ ಕಿಣ್ವ ಕತ್ತರಿಸಿದ ಯಾವುದೇ ಎರಡು ಅಂಟುತುದಿಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಲೈಗೇಸ್ ಎಂಬ ಇನ್ನೊಂದು ಕಿಣ್ವ ಅವನ್ನು ಬೆಸೆಯುತ್ತದೆ. ಈ ಪ್ರಯೋಗದ ವಿವರಣೆ ಸಾಮಾನ್ಯವಾಗಿ ಅಂಟುತುದಿಗಳ ಹೊಗಳಿಕೆಯಲ್ಲಿ ಮುಗಿಯುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಕೋಹೆನ್ ಆರಿಸಿಕೊಂಡ ಪಿಎಸ್‌ಸಿ-101 ಎಂಬ ಪ್ಲಾಸ್ಮಿಡ್. ಅದರಲ್ಲಿ ಇಕೋಆರ್-1 ಕತ್ತರಿಸುವ ಜಾಗ ಒಂದೇ ಒಂದು ಇತ್ತು. ಆ ಜಾಗವೂ ಪ್ಲಾಸ್ಮಿಡ್ ನಕಲಾಗಲು ಬೇಕಾದ ಭಾಗದಲ್ಲಿರಲಿಲ್ಲ, ಟೆಟ್ರಾಸೈಕ್ಲಿನ್ ಔಷಧಿಯನ್ನು ತಡೆದುಕೊಳ್ಳುವ ಜೀನಿನಲ್ಲೂ ಇರಲಿಲ್ಲ. ಹಾಗಾಗಿ ಕತ್ತರಿಸಿ ಬೆಸೆದ ಮೇಲೂ ಅದು ನಕಲಾಗುತ್ತಿತ್ತು, ಟೆಟ್ರಾಸೈಕ್ಲಿನ್ ಇದ್ದ ತಟ್ಟೆಯಲ್ಲಿ ಅದನ್ನು ಹೊತ್ತ ಬ್ಯಾಕ್ಟೀರಿಯ ಮಾತ್ರ ಬದುಕುತ್ತಿತ್ತು. ಕತ್ತರಿ ಮುಟ್ಟದೆ ಬಿಟ್ಟ ಆ ಎರಡು ಭಾಗಗಳು ಇಲ್ಲದಿದ್ದರೆ ಪ್ರಯೋಗ ಅಲ್ಲಿಗೇ ನಿಲ್ಲುತ್ತಿತ್ತು. ಅಲ್ಲಿಂದ ಐದೇ ವರ್ಷದಲ್ಲಿ, 1978ರಲ್ಲಿ, ಬ್ಯಾಕ್ಟೀರಿಯದೊಳಗೆ ಮಾನವ ಇನ್ಸುಲಿನ್ ತಯಾರಾಯಿತು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧಿಯಾಗಿ ಮಂಜೂರಾತಿ ಸಿಕ್ಕಿತು. ಅದಕ್ಕೆ ಮುಂಚೆ ಸಕ್ಕರೆ ಕಾಯಿಲೆಯವರು ಹಂದಿ ಮತ್ತು ದನಗಳ ಮೇದೋಜೀರಕದಿಂದ ತೆಗೆದ ಇನ್ಸುಲಿನ್ನನ್ನೇ ನೆಚ್ಚಿಕೊಳ್ಳಬೇಕಿತ್ತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದದ್ದೂ ಈ ವಿದ್ಯೆಯ ಬಲದಿಂದಲೇ.

ಕತ್ತರಿಸದೆ ಬಿಟ್ಟದ್ದು ಸ್ವತಃ ಒಂದು ಸುದ್ದಿಯಾಗಬಲ್ಲದು ಎಂಬುದಕ್ಕೆ ಸಿಕಲ್ ಸೆಲ್ ರಕ್ತಹೀನತೆಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಈ ರೋಗಕ್ಕೆ ಕಾರಣ ಹಿಮೋಗ್ಲೋಬಿನ್ ಜೀನಿನಲ್ಲಿ ಒಂದೇ ಅಕ್ಷರದ ಬದಲಾವಣೆ, ಎ ಇರಬೇಕಾದಲ್ಲಿ ಟಿ. ಎಂಎಸ್‌ಟಿ-2 ಎಂಬ ಕಿಣ್ವದ ಪದ ಸರಿಯಾಗಿ ಆ ಅಕ್ಷರವನ್ನು ಒಳಗೊಂಡಿದೆ. ಆರೋಗ್ಯವಂತರ ಜೀನಿನಲ್ಲಿ ಅದು ಅಲ್ಲಿ ಕತ್ತರಿಸುತ್ತದೆ, ರೋಗದ ಜೀನಿನಲ್ಲಿ ಆ ಪದವೇ ಕೆಟ್ಟುಹೋಗಿರುವುದರಿಂದ ಸುಮ್ಮನಿರುತ್ತದೆ. ಎರಡು ಸಣ್ಣ ತುಣುಕುಗಳ ಬದಲು ಒಂದು ದೊಡ್ಡ ತುಣುಕು ಕಂಡರೆ, ಜೀನ್ ಬದಲಾಗಿದೆ ಎಂದು ಅರ್ಥ. 1980ರ ದಶಕದ ಆರಂಭದಿಂದ ಗರ್ಭದಲ್ಲಿರುವ ಶಿಶುವಿನ ಪರೀಕ್ಷೆಗೂ ಇದು ಬಳಕೆಗೆ ಬಂತು. ದಿನನಿತ್ಯದ ಕ್ಲೋನಿಂಗ್ ಕೆಲಸದಲ್ಲಿ ಡಿಪಿಎನ್-1 ಎಂಬ ಕಿಣ್ವದ ಸ್ವಭಾವ ಇನ್ನೂ ಸೋಜಿಗದ್ದು. ಇದು ಮೀಥೈಲ್ ಗುರುತಿರುವ ಪದವನ್ನೇ ಕತ್ತರಿಸುತ್ತದೆ, ಗುರುತಿಲ್ಲದ್ದನ್ನು ಬಿಡುತ್ತದೆ. ಬ್ಯಾಕ್ಟೀರಿಯದೊಳಗೆ ಬೆಳೆದ ಹಳೆಯ ಪ್ಲಾಸ್ಮಿಡ್‌ಗೆ ಗುರುತಿರುತ್ತದೆ; ಪ್ರಯೋಗನಳಿಕೆಯಲ್ಲಿ ಪಿಸಿಆರ್ ಮೂಲಕ ಮಾಡಿದ ಹೊಸ ಪ್ರತಿಗೆ ಇರುವುದಿಲ್ಲ. ಎರಡೂ ಬೆರೆತ ದ್ರವಕ್ಕೆ ಈ ಕಿಣ್ವ ಹಾಕಿದರೆ ಹಳೆಯದು ನಾಶವಾಗಿ ಹೊಸದು ಉಳಿಯುತ್ತದೆ. ಎರಡರಲ್ಲೂ ಅಕ್ಷರಗಳ ಸಾಲು ಹೆಚ್ಚುಕಡಿಮೆ ಒಂದೇ ಆಗಿದ್ದರೂ ಹಳತು ಹೊಸತನ್ನು ಬೇರ್ಪಡಿಸುವ ಈ ಕೆಲಸವನ್ನು ಬೇರೆ ಯಾವ ಉಪಾಯದಿಂದಲೂ ಇಷ್ಟು ಸುಲಭವಾಗಿ ಮಾಡಲಾಗದು.

ಇನ್ನು ಈ ಕಿಣ್ವಗಳ ಕೊರತೆಯ ವಿಚಾರ. ಆರು ಅಕ್ಷರಗಳ ಪದವೊಂದು ಲೆಕ್ಕದ ಪ್ರಕಾರ 4,096 ಅಕ್ಷರಗಳಿಗೊಮ್ಮೆ ಬರಬೇಕು. ಲ್ಯಾಂಬ್ಡಾ ಎಂಬ ವೈರಸ್ಸಿನ 48,502 ಅಕ್ಷರಗಳಲ್ಲಿ ಇಕೋಆರ್-1ರ ಪದ ಹನ್ನೆರಡು ಸಲ ಬರಬೇಕಿತ್ತು, ಬರುವುದು ಐದೇ ಸಲ, ಅಷ್ಟಾದರೆ ನಿಭಾಯಿಸಬಹುದು. ಮನುಷ್ಯನ ಡಿಎನ್‌ಎಯಲ್ಲಾದರೆ ಇದೇ ಲೆಕ್ಕ ಏಳು ಲಕ್ಷ ದಾಟುತ್ತದೆ. ಎಂಟು ಅಕ್ಷರ ಓದುವ ನಾಟ್-1ನಂಥ ಕಿಣ್ವಗಳೂ ಇವೆ, ಆದರೆ ಅವು ತಮ್ಮ ಪದ ಇದ್ದಲ್ಲಿ ಕತ್ತರಿಸುತ್ತವೆಯೇ ಹೊರತು ನಮಗೆ ಬೇಕಾದಲ್ಲಿ ಅಲ್ಲ. ಓದುವ ಭಾಗವನ್ನು ಬದಲಿಸಬಹುದೇ ಎಂಬ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಕೊಟ್ಟವರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಶ್ರೀನಿವಾಸನ್ ಚಂದ್ರಶೇಖರನ್ ಒಬ್ಬರು. ಫಾಕ್-1 ಎಂಬ ಕಿಣ್ವದಲ್ಲಿ ಓದುವ ಅಂಗ ಬೇರೆ, ಕತ್ತರಿಸುವ ಅಂಗ ಬೇರೆ ಎಂದು ಅವರ ತಂಡ ಕಂಡುಕೊಂಡಿತು. 1996ರಲ್ಲಿ ಆ ಕತ್ತರಿಸುವ ಅಂಗಕ್ಕೆ ಜಿಂಕ್ ಫಿಂಗರ್ ಎಂಬ ಬೇರೊಂದು ಓದುವ ಅಂಗ ಜೋಡಿಸಿ ಮಿಶ್ರ ಕಿಣ್ವ ಮಾಡಿದರು. ಜೀನ್ ಸಂಪಾದನೆಯ ಮೊದಲ ಸಲಕರಣೆ ಹೀಗೆ ನೇರವಾಗಿ ನಿರ್ಬಂಧಕ ಕಿಣ್ವದ ಹೊಟ್ಟೆಯಿಂದಲೇ ಬಂತು. ಆದರೆ ಪ್ರತಿ ಹೊಸ ಜಾಗಕ್ಕೂ ಹೊಸ ಪ್ರೋಟೀನನ್ನೇ ಕಟ್ಟಬೇಕಾದ ಕಷ್ಟ ಉಳಿದೇ ಇತ್ತು.

ಆ ಕಷ್ಟ ನೀಗಿದ್ದು ಕ್ಯಾಸ್-9ರಿಂದ. ಇದೂ ಬ್ಯಾಕ್ಟೀರಿಯಗಳ ಆಸ್ತಿಯೇ, ಇದೂ ವೈರಸ್ಸುಗಳ ವಿರುದ್ಧದ ಆಯುಧವೇ. ಸ್ಪೇನಿನ ಫ್ರಾನ್ಸಿಸ್ಕೋ ಮೊಹಿಕಾ ಅವರು ಉಪ್ಪುನೀರಿನ ಸೂಕ್ಷ್ಮಜೀವಿಗಳಲ್ಲಿ ಕಂಡ ಕ್ರಿಸ್ಪರ್ ಎಂಬ ಪುನರಾವರ್ತನೆಗಳ ನಡುವೆ ವೈರಸ್ಸುಗಳ ಡಿಎನ್‌ಎ ಚೂರುಗಳಿವೆ ಎಂದು 2005ರಲ್ಲಿ ಬರೆದರು. ಮೊಸರು ಹೆಪ್ಪುಹಾಕುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಈ ಚೂರುಗಳ ನೆರವಿನಿಂದ ವೈರಸ್ಸನ್ನು ಎದುರಿಸುತ್ತದೆ ಎಂದು 2007ರಲ್ಲಿ ಪ್ರಯೋಗ ತೋರಿಸಿತು. ಕ್ಯಾಸ್-9 ಪ್ರೋಟೀನು ಜೊತೆಗೊಂದು ಆರ್‌ಎನ್‌ಎ ಚೀಟಿಯನ್ನು ಇಟ್ಟುಕೊಂಡಿರುತ್ತದೆ. ಚೀಟಿಯಲ್ಲಿ ಬರೆದ 20 ಅಕ್ಷರಗಳಿಗೆ ಹೊಂದುವ ಜಾಗ ಸಿಕ್ಕಲ್ಲಿ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಚೀಟಿ ಬದಲಿಸಿದರೆ ಜಾಗ ಬದಲಾಯಿತು, ಪ್ರೋಟೀನು ಅದೇ. 2012ರಲ್ಲಿ ಇದನ್ನು ತೋರಿಸಿದವರು ಎಮಾನ್ಯುಯೆಲ್ ಶಾರ್ಪಾಂಟ್ಯೇ ಮತ್ತು ಜೆನಿಫರ್ ಡೌಡ್ನಾ ತಂಡ. ಲಿಥುವೇನಿಯಾದ ವಿರ್ಗಿನಿಯುಸ್ ಶಿಕ್ಷ್ನಿಸ್ ತಂಡ ಅದೇ ವರ್ಷ ಸ್ವತಂತ್ರವಾಗಿ ತೋರಿಸಿತು. ಶಿಕ್ಷ್ನಿಸ್ ಅದಕ್ಕೆ ಮುಂಚೆ ಹಲವು ವರ್ಷ ನಿರ್ಬಂಧಕ ಕಿಣ್ವಗಳನ್ನೇ ಅಭ್ಯಾಸ ಮಾಡಿದವರು. ಎರಡೂ ತಂಡಗಳ ಪ್ರಯೋಗ ನಡೆದದ್ದು ಜೀವಂತ ಮಾನವಕೋಶದಲ್ಲಲ್ಲ, ಪ್ರಯೋಗನಳಿಕೆಯಲ್ಲಿ, ಶುದ್ಧ ಡಿಎನ್‌ಎ ಮೇಲೆ. ಅಂದರೆ ಕ್ಯಾಸ್-9 ಜಗತ್ತಿಗೆ ಮೊದಲು ಕಾಣಿಸಿಕೊಂಡದ್ದು ಹೊಸ ಬಗೆಯ ನಿರ್ಬಂಧಕ ಕಿಣ್ವದಂತೆಯೇ. ಇಲ್ಲಿಯೂ ತನ್ನನ್ನು ತಾನು ಕಡಿದುಕೊಳ್ಳದಿರುವ ಏರ್ಪಾಡು ಉಂಟು. ವೈರಸ್ಸಿನ ಚೂರು ಬ್ಯಾಕ್ಟೀರಿಯದ ಸಂಗ್ರಹದಲ್ಲೂ ಇದೆ, ವೈರಸ್ಸಿನಲ್ಲೂ ಇದೆ. ಚೀಟಿ ಎರಡಕ್ಕೂ ಹೊಂದುತ್ತದೆ. ಆದರೆ ಕ್ಯಾಸ್-9 ಚೀಟಿ ನೋಡುವ ಮೊದಲು ಪಕ್ಕದಲ್ಲಿ ಜೋಡಿ ಜಿ ಅಕ್ಷರಗಳಿವೆಯೇ ಎಂದು ನೋಡುತ್ತದೆ. ಪ್ಯಾಮ್ ಎಂದು ಕರೆಯುವ ಆ ಗುರುತು ವೈರಸ್ಸಿನಲ್ಲಿ ಇರುತ್ತದೆ, ತನ್ನ ಸಂಗ್ರಹದಲ್ಲಿ ಇರುವುದಿಲ್ಲ.

ಈಗ ಮೊದಲ ಆಕ್ಷೇಪ. ಇಪ್ಪತ್ತು ಅಕ್ಷರಗಳ ಜೊತೆಗೆ ಪ್ಯಾಮ್‌ನ ಎರಡು, ಒಟ್ಟು ಇಪ್ಪತ್ತೆರಡು. ಅಷ್ಟು ಉದ್ದದ ಪದ ಲೆಕ್ಕದ ಪ್ರಕಾರ 17 ಲಕ್ಷ ಕೋಟಿಗೂ ಹೆಚ್ಚು ಅಕ್ಷರಗಳಿಗೊಮ್ಮೆ ಬರಬೇಕು. ಮನುಷ್ಯನ ಡಿಎನ್‌ಎಗಿಂತ ಸಾವಿರಾರು ಪಟ್ಟು ದೊಡ್ಡ ಬರಹದಲ್ಲಿ ಒಂದು ಸಲ. ಹಾಗಿದ್ದ ಮೇಲೆ ಆರಕ್ಷರದ ಹಳೆಯ ಕಿಣ್ವಗಳನ್ನು ಅಟ್ಟಕ್ಕೆ ಹಾಕಬಹುದಲ್ಲ? ಲೆಕ್ಕ ಸರಿ, ತೀರ್ಮಾನ ತಪ್ಪು. ಕ್ಯಾಸ್-9 ಇಪ್ಪತ್ತೂ ಅಕ್ಷರಗಳನ್ನು ಒಂದೇ ಕಟ್ಟುನಿಟ್ಟಿನಿಂದ ಓದುವುದಿಲ್ಲ. ಪ್ಯಾಮ್‌ಗೆ ಹತ್ತಿರದ ಹತ್ತು ಹನ್ನೆರಡು ಅಕ್ಷರಗಳಲ್ಲಿ ಬಿಗಿ, ದೂರದವುಗಳಲ್ಲಿ ಸಡಿಲ. ಐದು ಅಕ್ಷರಗಳವರೆಗೆ ಹೊಂದದಿದ್ದರೂ ಕೆಲವೆಡೆ ಕತ್ತರಿಸುತ್ತದೆ ಎಂದು 2013ರಲ್ಲೇ ಮಾನವಕೋಶಗಳಲ್ಲಿ ಕಂಡುಬಂತು. ಹಳೆಯ ಇಕೋಆರ್-5ರಂಥ ಕಿಣ್ವ ಓದುವುದು ಆರೇ ಅಕ್ಷರ, ಆದರೆ ಅದರಲ್ಲಿ ಒಂದು ಬದಲಾದರೂ ಕತ್ತರಿಸುವ ವೇಗ ಲಕ್ಷಾಂತರ ಪಟ್ಟು ಇಳಿದುಹೋಗುತ್ತದೆ. ಉದ್ದವಾಗಿ ಓದುವುದು ಬೇರೆ, ನಿಷ್ಠುರವಾಗಿ ಓದುವುದು ಬೇರೆ. ವೈರಸ್ಸುಗಳು ಅಕ್ಷರ ಬದಲಿಸಿಕೊಂಡು ತಪ್ಪಿಸಿಕೊಳ್ಳುತ್ತಿರುವಾಗ, ಬ್ಯಾಕ್ಟೀರಿಯಕ್ಕೆ ಈ ಸಡಿಲಿಕೆಯೇ ಲಾಭ ಇದ್ದೀತು ಎಂದು ನನಗನಿಸುತ್ತದೆ. ಇನ್ನೂ ಎರಡು ಸಂಗತಿಗಳಿವೆ. ನಿರ್ಬಂಧಕ ಕಿಣ್ವದ ಒಂದು ಅಣು ಕತ್ತರಿಸಿ ಮುಂದೆ ಹೋಗುತ್ತದೆ, ಮತ್ತೆ ಕತ್ತರಿಸುತ್ತದೆ. ಚಿಟಿಕೆಯಷ್ಟು ಹಾಕಿದರೆ ಸಾಕು. ಕ್ಯಾಸ್-9 ಕತ್ತರಿಸಿದ ಮೇಲೂ ತುದಿಗಳನ್ನು ಬಿಡದೆ ಹಿಡಿದು ಕೂರುತ್ತದೆ. ಹೀಗಾಗಿ ಕತ್ತರಿಸಬೇಕಾದ ಡಿಎನ್‌ಎ ಅಣುಗಳಿಗೆ ಸರಿಸಮವಾಗಿ, ಇಲ್ಲವೇ ಹೆಚ್ಚಾಗಿಯೇ ಅದನ್ನು ಹಾಕಬೇಕು. ಜೊತೆಗೆ ಅದು ಬಿಡುವುದು ಸಾಮಾನ್ಯವಾಗಿ ಮೊಂಡುತುದಿ. ಇಕೋಆರ್-1 ಕೊಡುವ ಅಂಟುತುದಿಯ ಅನುಕೂಲ ಅದರಲ್ಲಿಲ್ಲ. ಕ್ಯಾಸ್-12ಎ ಎಂಬ ಸೋದರ ಕಿಣ್ವ ಓರೆಯಾಗಿ ಕತ್ತರಿಸುತ್ತದೆ, ಆದರೆ ಅದಕ್ಕೂ ಚೀಟಿ ತಯಾರಿಸಬೇಕು. ಪ್ಲಾಸ್ಮಿಡ್ಡಿನ ಒಂದು ಸಾದಾ ಕೆಲಸಕ್ಕೆ ಅಷ್ಟೆಲ್ಲ ಏಕೆ?

ಎರಡನೆಯ ಆಕ್ಷೇಪ ಎದುರು ದಿಕ್ಕಿನದು. ನಿರ್ಬಂಧಕ ಕಿಣ್ವಗಳನ್ನು ಇಷ್ಟು ನಂಬುವುದೂ ಸರಿಯಲ್ಲ, ಅವೂ ತಪ್ಪುತ್ತವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾದದ್ದೇ. ದ್ರಾವಣದಲ್ಲಿ ಗ್ಲಿಸರಾಲ್ ಹೆಚ್ಚಾದರೆ, ಮೆಗ್ನೀಸಿಯಮ್ ಇರಬೇಕಾದಲ್ಲಿ ಮ್ಯಾಂಗನೀಸ್ ಬಂದರೆ, ಕಿಣ್ವವನ್ನೇ ಅತಿಯಾಗಿ ಸುರಿದರೆ ಹಲವು ಕಿಣ್ವಗಳು ತಮ್ಮ ಪದವನ್ನು ಹೋಲುವ ಬೇರೆ ಪದಗಳನ್ನೂ ಕತ್ತರಿಸುತ್ತವೆ. ಇದಕ್ಕೆ ಸ್ಟಾರ್ ಚಟುವಟಿಕೆ ಎಂಬ ಹೆಸರೇ ಇದೆ. ಕೆಪಿಎನ್-1 ಎಂಬ ಕಿಣ್ವದ ಬಗ್ಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ಮಾಡಿದ ಕೆಲಸ ಈ ಪ್ರಶ್ನೆಯ ಹೃದಯವನ್ನೇ ಮುಟ್ಟುತ್ತದೆ. ಈ ಕಿಣ್ವ ಮೆಗ್ನೀಸಿಯಮ್ ಇದ್ದಾಗ ತನ್ನದಲ್ಲದ ಪದಗಳನ್ನೂ ಕತ್ತರಿಸುವ ಚಾಳಿಯದು. ಕ್ಯಾಲ್ಸಿಯಮ್ ಕೊಟ್ಟರೆ ಬಹುಪಾಲು ನಿರ್ಬಂಧಕ ಕಿಣ್ವಗಳು ಕೆಲಸವನ್ನೇ ನಿಲ್ಲಿಸುತ್ತವೆ. ಕೆಪಿಎನ್-1 ನಿಲ್ಲಿಸುವುದಿಲ್ಲ, ತನ್ನ ಪದವನ್ನು ಕತ್ತರಿಸುತ್ತ, ಆ ಅಡ್ಡಚಾಳಿಯನ್ನು ಮಾತ್ರ ಬಿಡುತ್ತದೆ ಎಂದು 2004ರಲ್ಲಿ ಅವರು ಪ್ರಕಟಿಸಿದರು. ಅದೇ ವರ್ಷ ಇನ್ನೊಂದು ಲೇಖನದಲ್ಲಿ, ಈ ಕಿಣ್ವದ ಕತ್ತರಿಸುವ ಅಂಗ ಎಚ್‌ಎನ್‌ಎಚ್ ಎಂಬ ಕುಟುಂಬಕ್ಕೆ ಸೇರಿದ್ದೆಂದು ತೋರಿಸಿದರು. ಕ್ಯಾಸ್-9ರಲ್ಲಿ ಚೀಟಿಗೆ ಹೊಂದಿದ ಎಳೆಯನ್ನು ಕತ್ತರಿಸುವ ಭಾಗವೂ ಇದೇ ಎಚ್‌ಎನ್‌ಎಚ್ ಕುಟುಂಬದ್ದು. ಒಂದು ಲೋಹದ ಅಯಾನು ಬದಲಾದರೆ ಕಿಣ್ವದ ವಿವೇಕವೇ ಬದಲಾಗುತ್ತದೆ ಎಂಬುದು ನನ್ನ ವಾದಕ್ಕೆ ಅಡ್ಡಿಯಲ್ಲ, ಬೆಂಬಲ. ವಿವೇಕ ಕತ್ತರಿಯ ಹುಟ್ಟುಗುಣವಷ್ಟೇ ಅಲ್ಲ, ಕತ್ತರಿ ಹಿಡಿದವರು ಅದಕ್ಕೆ ಒದಗಿಸಿಕೊಡುವ ಸ್ಥಿತಿಯೂ ಹೌದು.

ಮೂರನೆಯ ಆಕ್ಷೇಪವೇ ನಿಜವಾಗಿ ತೂಕದ್ದು. ಕತ್ತರಿಯೇ ಏಕೆ ಬೇಕು? ಬೇಕಾದ ತುಣುಕನ್ನು ಪಿಸಿಆರ್‌ನಿಂದ ನಕಲು ಮಾಡಿಕೊಳ್ಳಬಹುದು, ಅಕ್ಷರ ಅಕ್ಷರ ಜೋಡಿಸಿ ರಾಸಾಯನಿಕವಾಗಿಯೇ ತಯಾರಿಸಬಹುದು, 2009ರಲ್ಲಿ ಬಂದ ಗಿಬ್ಸನ್ ವಿಧಾನದಿಂದ ನಿರ್ಬಂಧಕ ಕಿಣ್ವವಿಲ್ಲದೆ ಬೆಸೆಯಬಹುದು. ಇದೆಲ್ಲ ನಿಜ, ಸಾವಿರ ಎರಡು ಸಾವಿರ ಅಕ್ಷರಗಳ ತುಣುಕಿಗೆ ಹಲವರು ಈಗ ಹೀಗೇ ಮಾಡುತ್ತಾರೆ. ಆದರೆ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಗಳನ್ನು ತೆಗೆದುಕೊಳ್ಳಿ. ನಮ್ಮ ಆ್ಯಂಟಿಬಯೊಟಿಕ್‌ಗಳಲ್ಲಿ ಬಹಳಷ್ಟು ಇವುಗಳಿಂದ ಬಂದವು. ಒಂದು ಔಷಧಿ ತಯಾರಿಸುವ ಜೀನುಗಳು ಇವುಗಳಲ್ಲಿ ಒತ್ತೊತ್ತಾಗಿ, ಹತ್ತಾರು ಸಾವಿರ ಅಕ್ಷರಗಳ ಗೊಂಚಲಾಗಿ ಇರುತ್ತವೆ. ಅಲ್ಲಿ ಜಿ ಮತ್ತು ಸಿ ಅಕ್ಷರಗಳ ಪ್ರಮಾಣ ನೂರಕ್ಕೆ 70ರ ಆಸುಪಾಸು, ಒಂದೇ ಬಗೆಯ ಸಾಲುಗಳು ಮತ್ತೆ ಮತ್ತೆ ಬರುತ್ತವೆ. ಪಿಸಿಆರ್ ಇಲ್ಲಿ ಮುಗ್ಗರಿಸುತ್ತದೆ. ಉದ್ದ ಹೆಚ್ಚಿದಂತೆ ತಪ್ಪಕ್ಷರಗಳೂ ಸೇರಿಕೊಳ್ಳುತ್ತವೆ. ಆರಕ್ಷರದ ಕಿಣ್ವವೋ ಗೊಂಚಲಿನ ನಡುವೆಯೇ ಹಲವು ಕಡೆ ಕತ್ತರಿಸಿಬಿಡುತ್ತದೆ. ಕ್ಯಾಸ್-9 ತನ್ನ ಬೆಲೆ ತೋರಿಸುವುದು ಇಲ್ಲಿ. 2015ರಲ್ಲಿ ಚೀನಾದ ತ್ಸಿಂಗ್‌ಹ್ವಾ ವಿಶ್ವವಿದ್ಯಾಲಯದ ತಂಡ ಕ್ಯಾಚ್ ಎಂಬ ವಿಧಾನ ಪ್ರಕಟಿಸಿತು. ಬ್ಯಾಕ್ಟೀರಿಯಗಳನ್ನು ಅಗರೋಸ್ ಎಂಬ ಲೋಳೆಗಟ್ಟಿಯೊಳಗೆ ಹುದುಗಿಸಿ ಅಲ್ಲೇ ಒಡೆಯುತ್ತಾರೆ, ಏಕೆಂದರೆ ದ್ರವದಲ್ಲಿ ಅಲುಗಾಡಿದರೆ ಉದ್ದನೆಯ ಎಳೆ ತಾನಾಗಿಯೇ ತುಂಡಾಗುತ್ತದೆ. ಆ ಗಟ್ಟಿಯೊಳಕ್ಕೆ ಎರಡು ಚೀಟಿ ಹಿಡಿದ ಕ್ಯಾಸ್-9 ಹೋಗಿ ಗೊಂಚಲಿನ ಎರಡು ತುದಿಗಳಲ್ಲಷ್ಟೇ ಕತ್ತರಿಸುತ್ತದೆ. ಆಮೇಲೆ ಗಿಬ್ಸನ್ ವಿಧಾನದಿಂದ ಪ್ಲಾಸ್ಮಿಡ್‌ಗೆ ಬೆಸುಗೆ. ಹೀಗೆ ಒಂದು ಲಕ್ಷ ಅಕ್ಷರಗಳವರೆಗಿನ ತುಣುಕುಗಳನ್ನು ಅವರು ಇಡಿಯಾಗಿ ಎತ್ತಿದರು. ಕತ್ತರಿಯಿಲ್ಲದ ವಿಧಾನವೆಂದು ಹೆಸರಾದ ಗಿಬ್ಸನ್ ಬೆಸುಗೆಗೂ ಅಲ್ಲಿ ಮೊದಲು ಕತ್ತರಿ ಬೇಕಾಯಿತು. ಇತ್ತ ನಿರ್ಬಂಧಕ ಕಿಣ್ವಗಳೂ ಸುಮ್ಮನೆ ಕುಳಿತಿಲ್ಲ. ಬಿಎಸ್‌ಎ-1 ಎಂಬುದು ತನ್ನ ಪದವನ್ನು ಓದಿ ಪಕ್ಕದಲ್ಲಿ ನಿಗದಿತ ದೂರದಲ್ಲಿ ಕತ್ತರಿಸುತ್ತದೆ. ತುದಿಯ ನಾಲ್ಕು ಅಕ್ಷರಗಳು ಯಾವುವೆಂದು ನಾವೇ ಆರಿಸಬಹುದು, 256 ಬಗೆಗಳು ಸಾಧ್ಯ. ಆದ್ದರಿಂದ ಹತ್ತಾರು ತುಣುಕುಗಳನ್ನು ಒಂದೇ ನಳಿಕೆಯಲ್ಲಿ ಕ್ರಮತಪ್ಪದೆ ಜೋಡಿಸಬಹುದು. ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಗಳಿಗೂ ಮೊದಲು ಪ್ಲಾಸ್ಮಿಡ್ ಬಳೆಯನ್ನು ಒಂದು ನಿರ್ಬಂಧಕ ಕಿಣ್ವದಿಂದ ಒಂದು ಜಾಗದಲ್ಲಿ ಕತ್ತರಿಸಿ ನೇರವಾದ ಎಳೆ ಮಾಡಿಕೊಂಡೇ ಆರ್‌ಎನ್‌ಎ ಬರೆಸುತ್ತಿದ್ದರು.

ಕೊನೆಯ ಆಕ್ಷೇಪ ಭಯದಿಂದ ಬರುವುದು, ಅದನ್ನು ಹಗುರವಾಗಿ ಕಾಣಬಾರದು. ತಪ್ಪು ಜಾಗದಲ್ಲಿ ಕತ್ತರಿಸಬಹುದಾದ ಸಲಕರಣೆಯನ್ನು ಬಳಸಲೇಬಾರದು ಎನ್ನುವವರಿದ್ದಾರೆ. ಇಲ್ಲಿ ನಳಿಕೆಯನ್ನೂ ಕೋಶವನ್ನೂ ಬೇರೆಬೇರೆಯಾಗಿ ನೋಡಬೇಕು. ನಳಿಕೆಯಲ್ಲಿ ಆದ ತಪ್ಪು ಕತ್ತರಿ, ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಹೆಚ್ಚುವರಿ ಗೆರೆಯಾಗಿ ಕಾಣುತ್ತದೆ. ಬೆಸೆದ ಪ್ಲಾಸ್ಮಿಡ್ಡನ್ನು ಅಕ್ಷರ ಅಕ್ಷರವಾಗಿ ಓದಿಸಿ ನೋಡಿ, ಸರಿಯಿಲ್ಲದ್ದನ್ನು ಎಸೆಯಬಹುದು. ಜೀವಂತ ಕೋಶದಲ್ಲಿ, ಅದರಲ್ಲೂ ಮಾನವ ಭ್ರೂಣದಲ್ಲಿ, ಎಸೆದು ಮತ್ತೆ ಮಾಡುವ ಅವಕಾಶವಿಲ್ಲ. 2018ರಲ್ಲಿ ಚೀನಾದಲ್ಲಿ ಭ್ರೂಣಗಳ ಜೀನ್ ತಿದ್ದಿ ಮಕ್ಕಳು ಹುಟ್ಟಿದ ಸುದ್ದಿ ಬಂದಾಗ ಜಗತ್ತಿನ ವಿಜ್ಞಾನಿಗಳೇ ಮುಂದೆ ನಿಂತು ಅದನ್ನು ಖಂಡಿಸಿದ್ದು ಈ ಕಾರಣಕ್ಕೂ ಹೌದು. ಆ ಖಂಡನೆ ನ್ಯಾಯವಾದದ್ದು. ಆದರೆ ಭ್ರೂಣಕ್ಕೆ ಹೇಳಿದ ಮಾತನ್ನು ನಳಿಕೆಗೂ ಹೇಳಿದರೆ ಇನ್ಸುಲಿನ್ನೂ ಲಸಿಕೆಯೂ ಜೊತೆಗೇ ಹೋಗುತ್ತವೆ. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿದ ವಿಜ್ಞಾನಿಗಳು ಇದನ್ನೇ ಯೋಚಿಸಿ, ಅಪಾಯದ ಪ್ರಮಾಣಕ್ಕೆ ತಕ್ಕ ಬಂದೋಬಸ್ತು ಹಾಕಿಕೊಂಡರು. ಪ್ರಯೋಗಶಾಲೆಯ ಹೊರಗೆ ಬದುಕಲಾಗದಂತೆ ದುರ್ಬಲಗೊಳಿಸಿದ ಬ್ಯಾಕ್ಟೀರಿಯ ತಳಿಗಳನ್ನೇ ಬಳಸುವುದೂ ಅದರಲ್ಲಿ ಸೇರಿತ್ತು. ತಪ್ಪುವ ಕತ್ತರಿಯ ಬದಲು ಕಡಿಮೆ ತಪ್ಪುವ ಕತ್ತರಿಯನ್ನು ಹುಡುಕಿಕೊಳ್ಳಲೂ ಬಹುದು. ದೆಹಲಿಯ ಜೀನೋಮಿಕ್ಸ್ ಸಂಸ್ಥೆ ಐಜಿಐಬಿಯಲ್ಲಿ ದೇಬೊಜ್ಯೋತಿ ಚಕ್ರವರ್ತಿ ಮತ್ತು ಸೌವಿಕ್ ಮೈತಿ ಅವರ ತಂಡ ಫ್ರಾನ್ಸಿಸೆಲ್ಲಾ ನೋವಿಸಿಡಾ ಎಂಬ ಬ್ಯಾಕ್ಟೀರಿಯದ ಕ್ಯಾಸ್-9 ಅನ್ನು ಅಭ್ಯಾಸ ಮಾಡಿ, ಅದು ಹೊಂದದ ಜಾಗಗಳನ್ನು ಬಹಳ ಮಟ್ಟಿಗೆ ದೂರವಿಡುತ್ತದೆ ಎಂದು ತೋರಿಸಿತು. ಆ ಗುಣವನ್ನೇ ನೆಚ್ಚಿ ರೂಪಿಸಿದ, ಸತ್ಯಜಿತ್ ರಾಯ್ ಅವರ ಪತ್ತೇದಾರನ ನೆನಪಲ್ಲಿ ಫೆಲುದಾ ಎಂದು ಹೆಸರಾದ ಕೋವಿಡ್ ಪರೀಕ್ಷೆಗೆ 2020ರ ಸೆಪ್ಟೆಂಬರಿನಲ್ಲಿ ಮಂಜೂರಾತಿ ಸಿಕ್ಕಿತು. ಸಿಕಲ್ ಸೆಲ್ ರೋಗದ ಆ ಒಂದಕ್ಷರದ ವ್ಯತ್ಯಾಸವನ್ನು ಗುರುತಿಸಲೂ ಇದೇ ವಿಧಾನವನ್ನು ಬಳಸಿದ್ದಾರೆ. ಎಂಎಸ್‌ಟಿ-2 ನಾಲ್ಕು ದಶಕಗಳ ಹಿಂದೆ ಮಾಡಿದ ಕೆಲಸವೇ ಅದು.

ನಮ್ಮ ಕಾಲೇಜುಗಳಲ್ಲಿ ಜೈವಿಕ ತಂತ್ರಜ್ಞಾನ ಓದುವ ಮಕ್ಕಳು ಇದನ್ನು ಕೇಳುತ್ತಿದ್ದರೆ ಅವರಿಗೆ ಒಂದು ಮಾತು. ಕಿಣ್ವ ಹಾಕಿದ ಡಿಎನ್‌ಎಯನ್ನು ಜೆಲ್ ಮೇಲೆ ಓಡಿಸುವಾಗ, ಕಿಣ್ವವನ್ನೇ ಹಾಕದ ಅದೇ ಡಿಎನ್‌ಎಗೂ ಪಕ್ಕದಲ್ಲಿ ಒಂದು ಗುಳಿ ಬಿಡಿ. ಕ್ಯಾಸ್-9 ಬಳಸುವುದಾದರೆ ಮೂರು ಗುಳಿ ಬೇಕು: ಪ್ರೋಟೀನು ಹಾಕಿ ಚೀಟಿ ಹಾಕದ್ದು, ಚೀಟಿ ಹಾಕಿ ಪ್ರೋಟೀನು ಹಾಕದ್ದು, ಎರಡನ್ನೂ ಹಾಕಿ ಪ್ಯಾಮ್‌ನ ಒಂದು ಜಿ ಬದಲಿಸಿದ ಡಿಎನ್‌ಎ ಇಟ್ಟದ್ದು. ಈ ಮೂರರಲ್ಲೂ ಡಿಎನ್‌ಎ ಇಡಿಯಾಗಿಯೇ ಉಳಿದಿದ್ದರೆ, ಆಗ ಎಲ್ಲವನ್ನೂ ಸರಿಯಾಗಿ ಹಾಕಿದ ನಾಲ್ಕನೆಯ ಗುಳಿಯಲ್ಲಿ ಕಂಡ ಎರಡು ತುಣುಕುಗಳನ್ನು ಕತ್ತರಿಸಿ ತೆಗೆದು ಬೆಸುಗೆಗೆ ಇಡಬಹುದು.